ಕರೆದ ಮೇಲೆ ದಡ ಬಿಡಬಾರದು

ಮೊಮ್ಮಗಳು ಗೋವಾದಿಂದ ಬಂದವಳೇ ಬ್ಯಾಗಿನಿಂದ ಬಿಳಿ ಟವೆಲ್ ಎಳೆದು ನನ್ನ ಕುರ್ಚಿಯ ಮೇಲೆ ಎಸೆದು ಸ್ನಾನಕ್ಕೆ ಹೋದಳು. ಟವೆಲ್ ಇನ್ನೂ ಹಸಿಯಾಗಿತ್ತು. ಉಪ್ಪು, ಮರಳು, ಎಲ್ಲೋ ಸ್ವಲ್ಪ ಮೀನು... ಆ ವಾಸನೆಗೆ ಹಾಲಿನಮ್ಮ ನೆನಪಾದಳು. ಅವಳಿಗೂ ಹೆಸರು ಇದ್ದೇ ಇತ್ತು, ಅದರಿಂದ ನಾವು ಯಾರೂ ಕರೆಯಲಿಲ್ಲ. ಹುಣಸೂರಿನ ನಮ್ಮ ಮನೆಗೆ ಹಾಲು ಹಾಕುತ್ತಿದ್ದಳು, ಅಷ್ಟೆ.

ಅದು ವಾರ್ ಟೈಮ್, ಎರಡನೆಯ ಮಹಾಯುದ್ಧ. ಹಾಲಿನಮ್ಮನ ಒಬ್ಬನೇ ಮಗ ಮಿಲಿಟರಿ ಲಾರಿ ಓಡಿಸಲು ಸೇರಿ ಹಡಗು ಹತ್ತಿದ್ದ. ಮೊದಮೊದಲು ಕ್ಷೇಮ ಎಂಬ ಸುದ್ದಿ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಅವನು ಹೆಗಲ ಮೇಲೆ ಹಾಕುತ್ತಿದ್ದ ಬಿಳಿ ವಲ್ಲಿಯನ್ನು ಅವಳು ಸೊಂಟಕ್ಕೆ ಸುತ್ತಿಕೊಂಡೇ ಹಾಲು ಅಳೆಯುತ್ತಿದ್ದಳು.

ಅಪ್ಪ ಕಾಫಿ ವ್ಯಾಪಾರದ ಕೆಲಸಕ್ಕೆ ತೆಲ್ಲಿಚೆರಿಗೆ ಹೊರಟಾಗ, ಕಾನ್ವೆಂಟಿಗೆ ರಜ ಇತ್ತೆಂದು ನಾವೂ ಹೊರಟೆವು. ಸೀಸೈಡ್ ಹಾಲಿಡೇ ಎಂದು ನಾನು ಬೀದಿಯೆಲ್ಲ ಹೇಳಿಕೊಂಡು ಬಂದಿದ್ದೆ. ಮಾರನೆಯ ಬೆಳಿಗ್ಗೆ ಹಾಲಿನಮ್ಮ ಹಸುವನ್ನು ನಾದಿನಿಯ ಮನೆಯಲ್ಲಿ ಕಟ್ಟಿ ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಕೂಸ್ನ ನಾನ್ ನೋಡ್ಕತೀನಿ ಅಮ್ಮಾವ್ರೆ. ಕೂಲಿ ಬ್ಯಾಡ. ನನ್ನೂ ಕರ್ಕೊಂಡೋಗಿ."

ಅಮ್ಮನ ಕಂಕುಳಲ್ಲಿ ನನ್ನ ಪುಟ್ಟ ತಂಗಿ ಅಳುತ್ತಿದ್ದಳು. ಅಮ್ಮ ಒಪ್ಪಿದಳು.

ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸು ಕೊಡಗು ದಾಟಿ, ಘಾಟಿ ಇಳಿದು, ನಮ್ಮನ್ನು ಮಸಿ ಮಾಡಿ ತಲುಪಿಸಿತು. ಮರುದಿನದಿಂದ ದಿನವೂ ಒಂದು ಟ್ರಿಪ್. ಟಿಫಿನ್ ಕ್ಯಾರಿಯರಿನಲ್ಲಿ ಚಿತ್ರಾನ್ನ, ನನ್ನ ತಲೆಗೆ ಸ್ಟ್ರಾ ಹ್ಯಾಟ್. ಮೊದಲು ಕೋಟೆ ನೋಡಿದೆವು. ಎಲ್ಲರೂ ಫಿರಂಗಿ ನೋಡುತ್ತಿದ್ದರೆ ಅವಳು ಗೋಡೆಯ ಅಂಚಿಗೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಆಚೆ ದಡ ಎಲ್ ಅದೆ ಪುಟ್ಟವ್ವ?"

ನಾನು ಜಿಯಾಗ್ರಫಿಯಲ್ಲಿ ಫಸ್ಟ್. ಭೂಮಿ ಗುಂಡಗಿದೆ, ಅದಕ್ಕೇ ಕಾಣುವುದಿಲ್ಲ ಎಂದೆ.

"ಗುಂಡ್ಗಿದ್ರೆ ನೀರೆಲ್ಲಾ ಚೆಲ್ಲೋಗಾಕಿಲ್ವ? ನಿಮ್ ಸಿಸ್ಟರಮ್ಮ ಯಾವತ್ತೂ ನೀರಿನ್ ಕೊಡ ಒತ್ತಿಲ್ಲ ಬುಡು," ಎಂದು ನಕ್ಕಳು. ಆ ಪ್ರವಾಸದಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಇರಬೇಕು...

ಲೈಟ್‌ಹೌಸಿನ ಹತ್ತಿರ, ಮಾಹೆಯ ಹೊಳೆಬಾಯಿಯಲ್ಲಿ, ಎಲ್ಲಿ ಹೋದರೂ ಅವಳು ಮಗುವನ್ನು ಎಡಗೈಯಲ್ಲಿ ಎತ್ತಿಕೊಂಡು ಬಲಗೈಯಲ್ಲಿ ವಲ್ಲಿ ಬೀಸುತ್ತಿದ್ದಳು. ಅವಳ ತವರು ಹಂಪಾಪುರದ ಕಡೆ, ಕಪಿಲೆಯ ದಡ. ಅಲ್ಲಿ ಹರಿಗೋಲು ಆಚೆ ದಡದಲ್ಲಿದ್ದರೆ, ಈಚೆ ನಿಂತು ಬಿಳಿ ಬಟ್ಟೆ ಬೀಸುವುದು ರೂಢಿ. ಕಂಡ ಕೂಡಲೇ ಅಂಬಿಗ ಹೊರಡುತ್ತಾನೆ. ಸಮುದ್ರವೂ ಅವಳಿಗೆ ಹೊಳೆಯೇ. ತುಸು ದೊಡ್ಡದು. ಆಚೆ ಮಗ ನಿಂತಿದ್ದಾನೆ, ಈ ಕಡೆಯಿಂದ ಯಾರೂ ಕರೆದಿಲ್ಲ, ಅದಕ್ಕೇ ಬಂದಿಲ್ಲ.

ಕೊನೆಯ ದಿನ ಸಮುದ್ರದೊಳಕ್ಕೆ ಚಾಚಿದ ಕಟ್ಟೆಗೆ, ಪಿಯರಿಗೆ, ಹೋದೆವು. ಆಗ ಅಲ್ಲಿ ಸ್ಟೀಮರುಗಳು ದೂರದಲ್ಲೇ ನಿಲ್ಲುತ್ತಿದ್ದವು. ಸಾಮಾನೂ ಜನರೂ ದೋಣಿಯಲ್ಲಿ ಬರಬೇಕು. ಹಾಲಿನಮ್ಮ ವಲ್ಲಿ ಬೀಸಿದಳು. ಸ್ಟೀಮರಿನ ಮಗ್ಗುಲಿನಿಂದ ಒಂದು ದೋಣಿ ಹೊರಟು ನೇರವಾಗಿ ನಮ್ಮ ಕಡೆಗೇ ಬರತೊಡಗಿತು.

ಅವಳು ಮಗುವನ್ನು ಅಮ್ಮನ ಕೈಗೆ ಕೊಟ್ಟು ಮೆಟ್ಟಿಲಿಳಿದಳು. ಸೊಂಟದವರೆಗೆ ನೀರು. ದೋಣಿ ಹತ್ತಿರವಾದಾಗ ಅದರ ಅಂಚು ಹಿಡಿದು ಒಬ್ಬೊಬ್ಬರ ಮುಖ ನೋಡಿದಳು. ದೋಣಿಯವರು ಮಲಯಾಳದಲ್ಲಿ ಏನೋ ಕೇಳಿದರು. ದೋಣಿಯ ತುಂಬ ಗೋಣಿಚೀಲಗಳು. ಒಂದು ಚೀಲ ಎತ್ತಿ ಅದರ ಹಿಂದೆಯೂ ನೋಡಿದಳು.

"ಬಸ್ ಟೈಮಾಯ್ತು, ಬಾಮ್ಮ. ಇದು ಹೊಳೆ ಅಲ್ಲ. ಅಲ್ಲಿಂದ ಯಾರಿಗೂ ಕಾಣಲ್ಲ," ಎಂದರು ಅಪ್ಪ.

"ಕಾಣ್ದೆ ಇದ್ರೆ ದೋಣಿ ಯಾಕ್ ಬತ್ತಿತ್ತು ಸ್ವಾಮಿ? ಈ ಪಾಳಿಲಿ ಅವ್ನಿಗೆ ಜಾಗ ಸಿಕ್ಕಿಲ್ಲ. ಮುಂದಿಂದ್ರಾಗೆ ಬತ್ತಾನೆ. ಒಂದ್ಗಳಿಗೆ ತಡೀರಿ."

ಅಪ್ಪ ತೋಳು ಹಿಡಿದರು. ಅವಳು ಪಿಯರಿನ ಕಂಬ ತಬ್ಬಿದಳು. ಕಂಬಕ್ಕೆ ಅಂಟಿದ್ದ ಚಿಪ್ಪು ತರಚಿ ಕೈಯೆಲ್ಲ ರಕ್ತ.

"ಕರ್ದು ಓಗ್ಬಾರ್ದು ಸ್ವಾಮಿ. ಕರ್ದೋರು ದಡ ಬುಡಬಾರ್ದು. ಅವ್ನು ಬಂದ್ಬುಟ್ಟು, ಯಾರೂ ಇಲ್ಲ ಅಂತ ತಿರುಗೋಯ್ತಾನೆ..."

ಕೊನೆಗೆ ಅಮ್ಮ ಅಳುತ್ತ ಆ ವಲ್ಲಿಯನ್ನು ಅವಳ ಕೈಯಿಂದ ಬಿಡಿಸಿ, ಅದೇ ಕಂಬಕ್ಕೆ ಗಂಟು ಹಾಕಿದಳು. ಆಮೇಲೆಯೇ ಅವಳು ಕಂಬ ಬಿಟ್ಟದ್ದು. ಬಸ್ಸಿನಲ್ಲಿ ಹಿಂದಿನ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಸಮುದ್ರ ಮರೆಯಾಗಿ, ಕಾಡು ಬಂದ ಮೇಲೂ.

ಮಗ ಬರಲಿಲ್ಲ. ಅವಳು ಮತ್ತೆ ಹಾಲು ಹಾಕತೊಡಗಿದಳು. ಒಮ್ಮೆ ಅಳತೆಯ ನಡುವೆ ಕೈ ನಿಲ್ಲಿಸಿ ಅಮ್ಮನಿಗೆ ಹೇಳಿದಳು: "ಬಂದಿದ್ದ ಅಮ್ಮಾವ್ರೆ. ವಲ್ಲಿ ನೋಡ್ಕಂಡು, ಅವ್ವ ಇಲ್ಲ ಅಂತ ಒಂಟೋದ." ಮುಂದಿನ ಬೇಸಿಗೆಗೆ ಅವಳೂ ತೀರಿಹೋದಳು. ಹಸುವನ್ನು ನಾದಿನಿ ಮಾರಿದಳು.

ಮೊಮ್ಮಗಳ ಟವೆಲನ್ನು ಬಾಲ್ಕನಿಯ ತಂತಿಗೆ ನಾನೇ ಹಾಕಿದೆ. ಒಣಗಿ ಬಹಳ ಹೊತ್ತಾಯಿತು. ಗಾಳಿಗೆ ಬೀಸುತ್ತಿದೆ. "ಅಜ್ಜಿ, ಒಳಗೆ ಬನ್ನಿ, ಚಳಿ," ಎಂದು ಅವಳು ಎರಡು ಸಲ ಕರೆದಳು. ಕಮಿಂಗ್, ಡಿಯರ್, ಎಂದೆ... ಎಂದು, ಇಲ್ಲೇ ನಿಂತಿದ್ದೇನೆ.