ಭಾವನ ಬಂಕಿನ ಮುಂದೆ ಪುಷ್ಪಲತಾಳ ಸ್ಕೂಟರ್

ಪುಷ್ಪಲತಾ ಕರೆಂಟಿನ ಸ್ಕೂಟರ್ ಕೊಂಡಿದ್ದು ಪರಿಸರ ಉಳಿಸುವುದಕ್ಕಲ್ಲ, ಭಾವನ ಹೊಟ್ಟೆ ಉರಿಸುವುದಕ್ಕೆ. ನಾನು ಅವಳ ಪಕ್ಕದ ಮನೆಯವಳು, ಅವಳು ಟೀಚರ್ ಆಗಿರುವ ಅಂಗನವಾಡಿಯಲ್ಲೇ ಸಹಾಯಕಿ. ಉರಿಸಲು ಹೋದಾಗಲೆಲ್ಲ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ.

ಭಾವ ಕೊಟ್ರಸ್ವಾಮಿಯದು ಕೊಟ್ಟೂರಿನ ಹೊರಗೆ, ಕೂಡ್ಲಿಗಿ ರಸ್ತೆಯಲ್ಲಿ ಪೆಟ್ರೋಲ್ ಬಂಕ್. ಅದನ್ನು ಕಟ್ಟಿ ನಿಲ್ಲಿಸಿದ್ದು ಅಣ್ಣತಮ್ಮ ಇಬ್ಬರೂ. ತಮ್ಮ ತಿಪ್ಪೇಶ, ಅಂದರೆ ಪುಷ್ಪಲತಾಳ ಗಂಡ, ತೀರಿಕೊಂಡ ಮೇಲೆ ಅಣ್ಣನೊಬ್ಬನೇ ಯಜಮಾನನಾದ. ಸ್ವಲ್ಪ ದಿನ ಕಳೆದು ಅವಳು ಗಂಡನ ಹಳೇ ಗಾಡಿಗೆ ಪೆಟ್ರೋಲ್ ಹಾಕಿಸಲು ಹೋದಳು. ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಅವನು ಕೆಲಸದವನಿಗೆ ಕೂಗಿ ಹೇಳಿದ.

"ಲೇ, ಮೊದ್ಲು ರೊಕ್ಕ ಇಸ್ಕೊಂಡು ಆಮ್ಯಾಲೆ ಹಾಕು. ಕಣ್ಣೀರು ನೋಡಿ ಹಾಕಾಕ ಇದೇನು ಮಠದ ದಾಸೋಹ ಅಲ್ಲ."

ಅವಳು ಅತ್ತಿರಲಿಲ್ಲ, ಕೈಯಲ್ಲಿ ನೋಟು ಹಿಡಿದೇ ನಿಂತಿದ್ದಳು. ನೋಟನ್ನು ಸೊಂಟಕ್ಕೆ ಸಿಕ್ಕಿಸಿ ಗಾಡಿ ತಳ್ಳಿಕೊಂಡು ಮನೆಗೆ ಬಂದಳು.

"ಕೊಟ್ಟೂರೇಶನ ಆಣಿ ಅಕ್ಕಾ, ಅವನ ಬಂಕಿನ ಒಂದು ಹನಿ ಎಣ್ಣಿ ನನ್ನ ಗಾಡಿಗೆ ಬೀಳಂಗಿಲ್ಲ. ಜನರ ಮುಂದ ನನ್ನ ತಲಿ ತಗ್ಗಿಸ್ಯಾನ. ಜನರ ಮುಂದನ ಅವನ ತಲಿ ತಗ್ಗಿಸ್ತೀನಿ."

ಬೇರೆ ಬಂಕ್ ಇಲ್ಲವೇ ಅಂದೆ. "ಬ್ಯಾರೇದ್ರಾಗ ಹಾಕಿಸಿದ್ರ ಅವಗ ಗೊತ್ತಾಗಂಗಿಲ್ಲಲ್ಲ!" ಅಂದಳು.

ಶೋರೂಮಿನವನು ಬ್ಯಾಟರಿ, ಬ್ರೇಕು, ಮೊಬೈಲಿನಲ್ಲಿ ಕಾಣುವ ದಾರಿ ಎಂದು ಒಂದೇ ಸಮ ಹೇಳುತ್ತಿದ್ದ. ಇವಳು ಸೀಟು ಎತ್ತಿ, ಬಗ್ಗಿ ಅಡಿಗೆ ಇಣುಕಿ, "ಎಲ್ಲೂ ಎಣ್ಣಿ ಹಾಕೋ ತೂತಿಲ್ಲ, ಹೌದಲ್ರಿ?" ಅಂತ ಕೇಳಿದಳು. ದೂರದಿಂದಲೇ ಭಾವನ ಕಣ್ಣಿಗೆ ಚುಚ್ಚಲಿ ಎಂದು ಕೆಂಪು ಬಣ್ಣ ಆರಿಸಿದಳು.

ನಮ್ಮ ಅಂಗನವಾಡಿ ಇರುವುದು ಹರಪನಹಳ್ಳಿ ರಸ್ತೆಗೆ. ಆದರೂ ಬೆಳಿಗ್ಗೆ ಮೊದಲು ಕೂಡ್ಲಿಗಿ ರಸ್ತೆಗೆ ಹೋಗಿ, ಬಂಕಿನ ಮುಂದೆ ನಿಧಾನ ಮಾಡಿ, ಹಾರ್ನ್ ಹೊಡೆದು ತಿರುಗಿಸಿಕೊಂಡು ಬರುವಳು. ಕೊಟ್ರಸ್ವಾಮಿ ಪೇಪರಿನಲ್ಲಿ ಮುಖ ಹುದುಗಿಸುವನು. ಗಲ್ಲಾದಲ್ಲಿ ಕೂತ ಅವನ ಹೆಂಡತಿ ಕಲ್ಯಾಣಮ್ಮ ಮಾತ್ರ ನಮ್ಮನ್ನೇ ನೋಡುವಳು. ಗಂಡ ಜೀಪು ತೆಗೆದರೆ ಮಾತ್ರ ಹೊರಗೆ ಹೋಗುವ ಹೆಂಗಸು. ಇವಳೂ ಅವನ ಪೈಕಿಯೇ ಎಂದು ನಾನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಪುಷ್ಪಲತಾ ಸ್ಕೂಟರಿಗೂ ಬಸವ ಅಂತ ಹೆಸರಿಟ್ಟು, ಸೋಮವಾರ ಅದನ್ನು ತೊಳೆದು ವಿಭೂತಿ ಹಚ್ಚಿ ನಿಲ್ಲಿಸಿ ಬಸ್ಸಿಗೆ ಬರುವಳು. ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. ದೇವರ ದಿನ ಮೈಗೆ ಕರೆಂಟ್ ಚುಚ್ಚಬಾರದು ಅಂತ ಚಾರ್ಜಿಗೂ ಇಡುತ್ತಿರಲಿಲ್ಲ. ಒಂದು ಭಾನುವಾರ ಹಗರಿಬೊಮ್ಮನಹಳ್ಳಿಗೆ ಮದುವೆಗೆ ಹೋಗಿ ಬಂದು, ದಣಿದು ಗಾಡಿ ಚಾರ್ಜಿಗೆ ಇಡದೆ ಹಾಗೇ ಮಲಗಿದೆವು. ಮಂಗಳವಾರ ಹೊರಡುವಾಗ ನಾನು ಹೇಳಿದೆ, "ಚಾರ್ಜ್ ಕಡಿಮಿ ಐತಿ. ಇವತ್ತು ಸೀದಾ ಅಂಗನವಾಡಿಗೆ ನಡಿ."

"ಅವನ ಸುಟ್ಟ ಮಾರಿ ನೋಡದ ನಂಗ ಉಂಡದ್ದು ಅರಗಂಗಿಲ್ಲ ಅಕ್ಕಾ."

ಸರಿಯಾಗಿ ಬಂಕಿನ ಮುಂದೆಯೇ ಬಸವ ನಿಂತುಬಿಟ್ಟ.

ಕೊಟ್ರಸ್ವಾಮಿ ಪೇಪರ್ ಮಡಚಿ ಎದ್ದ. ಮುಖದಲ್ಲಿ ಹಬ್ಬ. "ಲೇ, ಒಳಗಿಂದ ವೈರ್ ಎಳದು ನಮ್ಮ ಪುಷ್ಪಾಗ ಒಂಚೂರು ಕರೆಂಟ್ ಕೊಡ್ರಲೇ. ರೊಕ್ಕ ಕೇಳಬ್ಯಾಡ್ರಿ, ಪಾಪ, ಗಂಡ ಇಲ್ದಾಕಿ."

ಜನ ನಕ್ಕರು. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ನನಗೆ. ಸುಳ್ಳೇಕೆ, ಈಗಲೂ ಅನ್ನಿಸುತ್ತದೆ.

ಪುಷ್ಪಲತಾ ತುಟಿ ಕಚ್ಚಿಕೊಂಡು ಗಾಡಿ ತಳ್ಳತೊಡಗಿದಳು. ನಾನು ಹಿಂದಿನಿಂದ ನೂಕಿದೆ. ಮುಂದೆ ಏರು, ಗಾಡಿ ಕದಲಲೊಲ್ಲದು. ಅಷ್ಟರಲ್ಲಿ ನನ್ನ ಕೈಗಳ ಪಕ್ಕ ಹಸಿರು ಬಳೆಯ ಎರಡು ಕೈ ಬಂದವು. ಕಲ್ಯಾಣಮ್ಮ! ಗಲ್ಲಾದ ಕೀಲಿಕೈ ಮೇಜಿನ ಮೇಲೆ ಎಸೆದು ಬಂದಿದ್ದಳು.

"ಏ, ಎಲ್ಲಿಗೆ ಹೊಂಟಿ? ಒಳಗ ನಡಿ!" ಕೊಟ್ರಸ್ವಾಮಿ ಅರಚಿದ. ನಗುತ್ತಿದ್ದ ಜನ ಈಗ ಅವನ ಕಡೆ ತಿರುಗಿದರು.

ಕಲ್ಯಾಣಮ್ಮ ತಿರುಗಲಿಲ್ಲ. ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದಳು, "ಪುಷ್ಪಾ, ನಂಗೂ ಇದನ್ನ ಹೊಡಿಯೋದು ಕಲಿಸು. ಇನ್ನ ಇವರ ಜೀಪಿಗೆ ಕಾಯೋದು ಸಾಕಾಗೈತಿ."

ಪುಷ್ಪಲತಾ ಗಾಡಿ ನಿಲ್ಲಿಸಿ ಭಾವನ ಕಡೆ ತಿರುಗಿದಳು. ಅವನು ತಲೆ ತಗ್ಗಿಸುವ ತನಕ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.