ಪ್ರಾರ್ಥನೆಯ ಕಾವಲುಗಾರ

ಸಂಜೆ ಶಂಖ ಮೊಳಗಿತೆಂದರೆ ಪೆನಿಯಾಮಿನಾ ಇಸ್ತ್ರಿ ಮಾಡಿದ ಲಾವಾಲಾವಾ ಸೊಂಟಕ್ಕೆ ಸುತ್ತಿಕೊಂಡು ರಸ್ತೆಗೆ ಬಂದು ನಿಲ್ಲುತ್ತಾನೆ. ಮನೆಮನೆಯ ಪ್ರಾರ್ಥನೆ ಮುಗಿದು ಮತ್ತೆ ಶಂಖ ಕೇಳುವವರೆಗೆ ಸವಾಯಿ ದ್ವೀಪದ ಈ ಊರಿನಲ್ಲಿ ಯಾರೂ ನಡೆದಾಡಕೂಡದು, ಅದನ್ನು ನೋಡಿಕೊಳ್ಳುವುದು ಅವನ ಕೆಲಸ. ಬಸ್ಸನ್ನು ಅವನು ಹುಬ್ಬಿನಿಂದಲೇ ನಿಲ್ಲಿಸುತ್ತಾನೆ; ಅವನನ್ನು ಕಂಡರೆ ಹಂದಿಗಳೂ ಬೇಲಿಗೊರಗಿ ಕಣ್ಣು ಮುಚ್ಚುತ್ತವೆಂದು ಊರವರ ನಂಬಿಕೆ; ಸ್ವಂತ ಅತ್ತೆಯನ್ನೇ ಒಮ್ಮೆ ಮೀನಿನ ಬುಟ್ಟಿಯ ಸಮೇತ ರಸ್ತೆಬದಿಯಲ್ಲಿ ಕೂರಿಸಿದ್ದನಂತೆ. "ದೇವರ ಹೊತ್ತು, ಕೂತ್ಕೊಳ್ಳಿ" ಎಂಬುದಕ್ಕಿಂತ ಹೆಚ್ಚಿನ ಮಾತು ಅವನಿಗೆ ಎಂದೂ ಬೇಕಾಗಿರಲಿಲ್ಲ. ಆದರೆ ಈ ವಾರ ಆಕ್ಲೆಂಡಿನಿಂದ ಬಂದ ಮಿಷನ್ ತಂಡ ಅವನನ್ನು ಗಲಿಬಿಲಿಗೊಳಿಸಿದೆ: ಸರಿಯಾಗಿ ಅದೇ ಹೊತ್ತಿಗೆ ಅವರು ಬೈಬಲ್ ಹಿಡಿದು, ಊರವರನ್ನು ಪ್ರಾರ್ಥನೆಗೆ ಕರೆಯಲು ಹೊರಡುತ್ತಾರೆ. ಪ್ರಾರ್ಥನೆಗೆ ಕರೆಯುವವರನ್ನು ಪ್ರಾರ್ಥನೆಯ ಹೆಸರಿನಲ್ಲಿ ತಡೆಯುವುದು ಪುಣ್ಯವೋ ಪಾಪವೋ ಅವನಿಗೆ ಬಗೆಹರಿಯದು. ನಿನ್ನೆಯೂ ಆ ತಂಡದ ಲೂಯೀಸಾ ಎಂಬ ಹುಡುಗಿಯನ್ನು ದೀವಿಹಲಸಿನ ಮರದಡಿ ಕೂರಿಸಿದ. "ಮಾಮಾ, ಎಲ್ರೂ ಆಗ್ಲೇ ಪ್ರಾರ್ಥನೇಲಿದ್ರೆ ನಾವ್ ಬಂದಿದ್ದಾದ್ರೂ ಯಾಕೆ?" ಎಂದಳು. "ಮೂರು ದಿನದಿಂದ ನಾನೂ ಅದನ್ನೇ ಕೇಳ್ಕೋತಿದೀನಿ, ತಾಯಿ!" "ನಿಮ್ಮನೇಲೂ ನಡೀತಿದ್ಯಾ?" "ಇಲ್ದೇ ಏನು? ಅಗೋ, ನನ್ನ ಮಕ್ಕಳದೇ ಹಾಡು." "ಮತ್ತೆ ನೀವು ಅವರ ಜೊತೆ ಕೂರೋದು ಯಾವಾಗ?" ಪೆನಿಯಾಮಿನಾ ಮನೆಯ ಕಡೆ ತಿರುಗಿದ. ಅಷ್ಟರಲ್ಲಿ ಹಾಡು ನಿಂತಿತು; ಒಳಗೆ ಅವನ ಹೆಂಡತಿ ಮೆಲುದನಿಯಲ್ಲಿ ಪ್ರಾರ್ಥನೆ ಶುರುಮಾಡಿರಬೇಕು. ಹಾಡು ರಸ್ತೆಯವರೆಗೆ ಕೇಳುತ್ತದೆ, ಪ್ರಾರ್ಥನೆ ಕೇಳುವುದಿಲ್ಲ. ಇಪ್ಪತ್ತೆರಡು ವರ್ಷ ಕಾವಲು ನಿಂತರೂ, ಆ ಪ್ರಾರ್ಥನೆಯಲ್ಲಿ ತನ್ನ ಹೆಸರು ಬರುತ್ತದೆಯೇ ಎಂಬುದು ಅವನಿಗೆ ಗೊತ್ತಿಲ್ಲ.