ಹಿಂದಕ್ಕ ತುಳಿದ ಮುದಿಯಪ್ಪ

ನನ್ನ ತಮ್ಮ ಮುದಿಯಪ್ಪ ಗಜೇಂದ್ರಗಡದಾಗ ಸೀರಿ ನೇಯ್ತಿದ್ದ. ಅಪ್ಪ ತೀರಿಕೊಂಡ ವರ್ಷ, ಕಾಲು ಇಳಿಬಿಟ್ಟು ಕುಂತು ನೇಯೋ ಮಗ್ಗದ ಕುಣಿಗೆ ಇಳಿದವ ಮ್ಯಾಲೆ ಹತ್ತಿದ್ದು ಕಡಿಮಿ. ಊಟಕ್ಕ ಕರದ್ರ "ಈ ಎಳಿ ಮುಗೀಲಿ" ಅಂತಿದ್ದ. ಅವನ ಹೆಂಡತಿ ಬನಶಂಕರಿ ಆರಿದ ರೊಟ್ಟಿ ಮತ್ತ ಬಿಸಿ ಮಾಡಾಕಿ. ನಾನಾಗಿದ್ರ ನಾಯಿಗೆ ಹಾಕ್ತಿದ್ದೆ.

ರಾಜ್ಯ ಒಂದಾತಲ್ಲ, ಐವತ್ತಾರರಾಗ, ಆ ವರ್ಷ ಅವನ ಎದಿ ಒಮ್ಮಿಂದೊಮ್ಮೆಲೆ ಓಡಾಕ ಹತ್ತಿತು. ಮುಂಜಾನೆ ಹಿಡಿದದ್ದು ಸಂಜಿ ತನಕ ಬಿಡಲಿಲ್ಲ. ಅಂಗಿ ಮ್ಯಾಲಿಂದನ ಕಾಣತಿತ್ತು. ಮರುದಿನ ಹುಬ್ಬಳ್ಳಿ ದವಾಖಾನಿಗೆ ಒಯ್ದಿವಿ. ಅಷ್ಟರಾಗ ಓಟ ನಿಂತಿತ್ತು. ಆದ್ರೂ ಡಾಕ್ಟರು ಕೈಕಾಲಿಗೆ ವಾಯರ್ ಕಟ್ಟಿ, ಮಷೀನಿನಿಂದ ಗೆರಿ ಎಳದ ಕಾಗದ ತಗದ್ರು.

"ಎದಿಯೊಳಗ ಒಂಥರಾ ಕರೆಂಟ್ ಹರೀತೈತ್ರಿ," ಅಂದ್ರು. "ಮೊದಲ ಈ ಭಾಗ, ಆಮ್ಯಾಲೆ ಆ ಭಾಗ, ಅಂತ ಅದಕ್ಕೊಂದು ವರಸಿ ಐತಿ. ನಿನ್ನೆ ತಪ್ಪು ಜಾಗದಾಗ ಶುರು ಆಗಿ ತಪ್ಪು ವರಸಿಯಾಗ ಹರದೈತಿ. ಈಗ ಬಡಿತ ಸರಿ ಬಂದೈತಿ. ಆದ್ರ ಬಡದ ಮ್ಯಾಲೆ ಎದಿ ದಣಿವು ಆರಿಸಿಕೊಳ್ತದಲ್ಲ, ಆ ಗೆರಿ ಇನ್ನೂ ತಲಿಕೆಳಗೈತಿ. ನಿನ್ನಿನ ವರಸಿ ಮರ್ತಿಲ್ಲ ಅದು. ಸುಮ್ನ ಮಲಗಿಸ್ರಿ, ತಾನಾಗೇ ಮರೀತೈತಿ. ಮತ್ತ ಓಡಿದ್ರ ಲಗೂ ಕರಕೊಂಡ ಬರ್ರಿ."

ಮರ್ತಿಲ್ಲ ಅನ್ನೋದು ಕೇಳಿ, ನಿಂತು ಹೋದದ್ದನ್ನ ಒಳಗ ಯಾರೋ ಕುಂತು ನೆನಸಾಕತ್ತಾರ ಅನಿಸ್ತು.

ಮುದಿಯಪ್ಪಗ ಬ್ಯಾರೇನ ತಿಳೀತು. ಮಗ್ಗದಾಗ ತಪ್ಪು ಬಿದ್ರ ನೇಕಾರ ಏನು ಮಾಡ್ತಾನ? ಕಾಲಾಗಿನ ಹಲಿಗಿ ಉಲ್ಟಾ ವರಸಿಯಾಗ ತುಳೀತಾನ, ಕಡೀಕ ನೇಯ್ದ ಎಳಿ ಮೊದಲ ತಗೀತಾನ, ತಪ್ಪು ಸಿಗೋ ತನಕ ಬಿಚ್ಚತಾನ. ಎದಿ ಕಲ್ತ ತಪ್ಪು ವರಸಿನೂ ಹಂಗ ಬಿಚ್ಚಿ ಹೋಗತೈತಿ ಅಂತ, ಮನಿಗೆ ಬಂದವನೇ ಕುಣ್ಯಾಗ ಇಳಿದು ಅರ್ಧ ನೇಯ್ದ ಸೀರಿ ಬಿಚ್ಚಾಕ ಹತ್ತಿದ. ಅವ ತುಳಿದ್ರ ಎಳಿ ಸಡಲತಿತ್ತು, ಬನಶಂಕರಿ ಅದನ್ನ ಜಗ್ಗತಿದ್ಳು.

"ಎದಿ ಬಿಚ್ಚಾಕ ಅದೇನು ಸೀರಿ ಐತೇನೋ, ಮಬ್ಬ? ಮಲಗು ಅಂದಾರ, ಮಲಗು," ಅಂದೆ.

"ಇಷ್ಟು ವರ್ಷ ಕಾಲು ಹೇಳಿದ್ದನ್ನ ಮೈ ಕೇಳೈತಿ. ಎದಿ ಕೇಳಂಗಿಲ್ಲೇನಕ್ಕಾ?" ಅಂದ.

ಹಿಂದಕ್ಕ ತುಳಿಯೋ ಆ ಮಗ್ಗದ ಸಪ್ಪಳ ನನಗ ಇವತ್ತಿಗೂ ಆಗಂಗಿಲ್ಲ. ಮಗ್ಗ ನಡದೈತಿ, ಸೀರಿ ಮಾತ್ರ ದಿನಾ ಗಿಡ್ಡ ಆಗಾಕತ್ತೈತಿ. ಮಧ್ಯಾಹ್ನದ ಬಿಸಲಾಗ ಹೊರಗ ನಿಂತು ಕೇಳಿದ್ರ, ಒಳಗ ಯಾರೋ ಬೆನ್ನು ಮುಂದ ಮಾಡಿ ನಡಕೊಂತ ಹೊಂಟಂಗ ಅನಸ್ತಿತ್ತು. ಓಣಿಯವರು ಆ ಬಾಗಿಲ ಮುಂದ ಬಂದ್ರ ಮಾತು ನಿಲ್ಲಸ್ತಿದ್ರು.

ಮುಂದಿನ ತಿಂಗಳ ಮತ್ತ ಕಾಗದ ತಗದ್ರು. ತಲಿಕೆಳಗಿದ್ದ ಗೆರಿ ಸರಿ ಆಗಿತ್ತು. "ತಾನಾಗೇ ಮರೀತೈತಿ ಅಂತ ಹೇಳಿರಲಿಲ್ಲೇನ್ರಿ," ಅಂದ್ರು ಡಾಕ್ಟರು. ಮುದಿಯಪ್ಪ ನನ್ನ ಕಡೆ ನೋಡಿ ನಕ್ಕ. ತಾನೇ ಬಿಚ್ಚಿ ತಗದೀನಿ ಅನ್ನೋ ನಗಿ. ನನಗ ಸಿಟ್ಟೂ ಬಂತು, ಹೆದರಿಕೀನೂ ಬಂತು.

ಸುಗ್ಗ್ಯಾಗ ಎದಿ ಮತ್ತ ಓಡ್ತು. ಈ ಸಲ ತುಟಿ ನೀಲಿ ಆಗಿದ್ವು. ದವಾಖಾನಿಗೆ ಏಳು ಅಂತ ಕೈ ಹಿಡಿದು ಜಗ್ಗಿದೆ. ಕೊಸರಿಕೊಂಡು ಕುಣ್ಯಾಗ ಇಳಿದ. "ಹೋದ ಸಲ ಆರಾಮ ಆಗಲಿಲ್ಲೇನು? ಬಿಚ್ಚಿದ್ರ ಹೋಗತೈತಿ," ಅಂದ. ಬನಶಂಕರಿ ಅವನ ಮಾತು ನಂಬಿ ಎಳಿ ಹಿಡಿದ್ಳು. ಅವನ ಕೂಡ ಜಗಳಾಡಾಕ ಹೊತ್ತಿರಲಿಲ್ಲ, ಊರ ಸಾಹುಕಾರ್ರ ಮೋಟಾರು ತರಾಕ ನಾ ಓಡಿದೆ.

ತಿರುಗಿ ಬಂದಾಗ ಒಳಗ ಸಪ್ಪಳಿರಲಿಲ್ಲ. ಮುದಿಯಪ್ಪ ಕುಂತಂಗನ ಇದ್ದ, ಗದ್ದ ಎದಿಗೆ ಹತ್ತಿತ್ತು, ಕಣ್ಣು ತೆರದಿದ್ವು. ಬನಶಂಕರಿ ಎಳಿ ಬಿಗಿಯಾಗಿ ಹಿಡಕೊಂಡು ಕುಂತಿದ್ಳು. ಅವನ ಮಾರಿ ಆಕಿ ನೋಡೇ ಇರಲಿಲ್ಲ.

"ಎಳಿ ಬರವಲ್ದ್ರಿ ಅಕ್ಕಾರ," ಅಂದ್ಳು. "ತುಳೀರಿ, ತುಳೀರಿ ಅಂತ ಆಗಿಂದ ಹೇಳಾಕತ್ತೀನಿ. ಕೇಳವಲ್ರು."